ಪುಷ್ಯದ ಮಳೆಯೂ ಪುಷ್ಯದ ತಾರೆಯೂ: ಹೊಸದಾಗಿ ದೂರದರ್ಶಕ ಕೊಂಡವರಿಗೆ ಕೆಲವು ಮಾತು

ಹೋಟೆಲಿನ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯ ಲೆಕ್ಕ ಒಪ್ಪಿಸಿ, ಕೈಕಾಲು ತೊಳೆದು ಕೋಣೆ ಸೇರುವಷ್ಟರಲ್ಲಿ ರಾತ್ರಿ ಹನ್ನೊಂದು ಗಂಟೆಯಾಗುವುದು ನಮ್ಮ ಹೋಟೆಲು ಬಂಧುಗಳ ನಿತ್ಯದ ಅನುಭವ. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವುದೂ ಅವರ ಪಾಲಿಗೆ ಬಂದ ಕರ್ತವ್ಯವೇ. ಊರಿನ ಉಳಿದ ಜನವೆಲ್ಲ ಮಲಗಿರುವ ಈ ಎರಡು ಹೊತ್ತುಗಳಲ್ಲಿ ಆಕಾಶವು ತನ್ನ ಅಂಗಡಿಯನ್ನು ಪೂರ್ತಿಯಾಗಿ ತೆರೆದಿರುತ್ತದೆಂಬುದನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಗಮನಿಸಿರುವುದಿಲ್ಲ. ಗಮನಿಸಿದ ಒಬ್ಬ ತರುಣನ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಲ್ಕಾಜ್‌ಗಿರಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಬಹು ದೂರವಲ್ಲದ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ನಾಡಿನ ಐದಾರು ಮಂದಿ ಒಂದೇ ಕೋಣೆಯಲ್ಲಿ ವಾಸವಾಗಿದ್ದಾರೆ. ಇಬ್ಬರು ಗುಮಾಸ್ತರು, ಉಳಿದವರು ಹೋಟೆಲಿನವರು. ಕಳೆದ ಚಳಿಗಾಲದಲ್ಲಿ ಅಲ್ಲಿಗೆ ನಾವು ಹೋದಾಗ, ಕುಂದಾಪುರದ ಕಡೆಯ ಒಬ್ಬ ಹುಡುಗನು ಮೂಲೆಯಲ್ಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ತೋರಿಸಿ, "ಇದನ್ನು ಕೊಳ್ಳುವವರು ಯಾರಾದರೂ ನಿಮಗೆ ಗೊತ್ತುಂಟೇ ಮಾರಾಯ್ರೆ?" ಎಂದು ಕೇಳಿದನು. ಪೆಟ್ಟಿಗೆಯಲ್ಲಿದ್ದುದು ಒಂದು ದೂರದರ್ಶಕ. ಎರಡು ತಿಂಗಳ ಉಳಿತಾಯವನ್ನು, ಮನೆಗೆ ಕಳುಹಿಸಬೇಕಾಗಿದ್ದ ಹಣವನ್ನು, ಅದಕ್ಕೆ ಸುರಿದಿದ್ದನು. ತಂದೆಗೆ ಅದನ್ನು ತಿಳಿಸುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ. ಚಂದ್ರನೊಬ್ಬನು ಮೊದಲ ರಾತ್ರಿ ಕಂಡನಂತೆ. ಅನಂತರದ ಹದಿನೈದು ರಾತ್ರಿ ಏನೂ ಇಲ್ಲ, ಬರೀ ಕತ್ತಲೆ. ಜೊತೆಯವರ ನಗೆಯೊಂದು ಕಡೆ, ಮನೆಯ ಹಣದ ಚಿಂತೆಯೊಂದು ಕಡೆ. ಹುಡುಗನ ಮುಖ ಬಾಡಿದ್ದಿತು.

ಯಂತ್ರದಲ್ಲಿ ದೋಷವಿದೆಯೇ ಎಂದು ನಾವು ಪರೀಕ್ಷಿಸಿ ನೋಡಿದೆವು. ಮಸೂರಗಳು ಸ್ವಚ್ಛವಾಗಿದ್ದುವು, ನಳಿಗೆ ನೆಟ್ಟಗಿದ್ದಿತು. ದೋಷವಿದ್ದುದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದ "525 ಪಟ್ಟು" ಎಂಬ ಮಾತಿನಲ್ಲಿ.

ಪಟ್ಟುಗಳ ಲೆಕ್ಕ

ದೂರದರ್ಶಕವು ವಸ್ತುವನ್ನು ಎಷ್ಟು ಪಟ್ಟು ಹಿರಿದು ಮಾಡುತ್ತದೆಂಬ ಲೆಕ್ಕ ಬಹಳ ಸುಲಭ. ಮುಂದಿನ ದೊಡ್ಡ ಮಸೂರದ ನಾಭಿದೂರವನ್ನು, ನಾವು ಕಣ್ಣಿಡುವ ಚಿಕ್ಕ ಮಸೂರದ ನಾಭಿದೂರದಿಂದ ಭಾಗಿಸಿದರೆ ಆಯಿತು. ಹುಡುಗನ ಯಂತ್ರದ ಮುಂದಿನ ಮಸೂರ 70 ಮಿಲಿಮೀಟರು ಅಗಲದ್ದು. ಅದರ ನಾಭಿದೂರ 700 ಮಿಲಿಮೀಟರು. ಅಂಗಡಿಯವರು ಐಪೀಸು ಎಂದು ಕರೆಯುವ ಕಣ್ಣುಮಸೂರಗಳು ಮೂರು ಇದ್ದುವು: 25, 10 ಮತ್ತು 4 ಮಿಲಿಮೀಟರಿನವು. ಮೊದಲನೆಯದು 28 ಪಟ್ಟು, ಎರಡನೆಯದು 70 ಪಟ್ಟು, ಮೂರನೆಯದು 175 ಪಟ್ಟು ಹಿರಿದು ಮಾಡುತ್ತವೆ. ಇವಲ್ಲದೆ, ಬಾರ್ಲೋ ಎಂಬ, ಪಟ್ಟನ್ನು ಮೂರು ಮಡಿ ಮಾಡುವ ಇನ್ನೊಂದು ಮಸೂರ. 175ನ್ನು ಮೂರರಿಂದ ಗುಣಿಸಿದರೆ 525! ವರ್ತಕರು ಲೆಕ್ಕದಲ್ಲಿ ಸುಳ್ಳಾಡಿರಲಿಲ್ಲ. ಲೆಕ್ಕದ ಫಲವನ್ನು ಮಾತ್ರ ಹೇಳದೆ ಬಿಟ್ಟಿದ್ದರು.

ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಯಂತ್ರವು ಪ್ರಯೋಜನಕ್ಕೆ ಬರುತ್ತದೆಂಬುದು ಬಲ್ಲವರ ಮಾತು. 70 ಮಿಲಿಮೀಟರಿನ ಯಂತ್ರಕ್ಕೆ 140 ಪಟ್ಟು ಮಿತಿ. ಅದನ್ನು ಮೀರಿದರೆ ಬಿಂಬವು ದೊಡ್ಡದಾದರೂ ಮಸುಕಾಗುತ್ತದೆ. ಒಂದೇ ಸೇರು ಹಾಲಿಗೆ ನೀರು ಬೆರೆಸುತ್ತ ಹೋದರೆ ಲೋಟಗಳ ಸಂಖ್ಯೆ ಹೆಚ್ಚೀತು, ಕುಡಿದವನಿಗೆ ದಕ್ಕುವುದೇನು?

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿದೆ. ಪಟ್ಟು ಹೆಚ್ಚಿದಂತೆಲ್ಲ ಕಾಣುವ ಆಕಾಶದ ತುಂಡು ಕಿರಿದಾಗುತ್ತದೆ. 28 ಪಟ್ಟಿನಲ್ಲಿ ಆ ಯಂತ್ರಕ್ಕೆ ಕಾಣುವುದು ಸುಮಾರು 1.8 ಡಿಗ್ರಿ ಅಗಲದ ವೃತ್ತ. ಎಂದರೆ ಪೂರ್ಣಚಂದ್ರನ ಬಿಂಬವನ್ನು ಮೂರೂವರೆ ಸಲ ಪಕ್ಕಪಕ್ಕದಲ್ಲಿ ಇಡಬಹುದಾದಷ್ಟು. ನಮ್ಮ ತಲೆಯ ಮೇಲಿನ ಆಕಾಶದಲ್ಲಿ ಇಂಥ ತುಂಡುಗಳು ಎಂಟು ಸಾವಿರಕ್ಕೂ ಹೆಚ್ಚು. 525 ಪಟ್ಟಿನಲ್ಲಾದರೋ ಕಾಣುವುದು ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು ಅಗಲ. ಅಂಥ ತುಂಡುಗಳು ಸುಮಾರು ಮೂವತ್ತು ಲಕ್ಷ! ಅದೂ ನಿಂತಿರುವ ಆಕಾಶವಲ್ಲ. ಭೂಮಿಯ ತಿರುಗುವಿಕೆಯಿಂದ ಆಕಾಶವು ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಿರುತ್ತದೆ. 525 ಪಟ್ಟಿನಲ್ಲಿ ಅದೃಷ್ಟವಶಾತ್ ಒಂದು ತಾರೆ ಸಿಕ್ಕಿದರೂ ಅರ್ಧ ನಿಮಿಷದೊಳಗಾಗಿ ಅದು ಜಾರಿಹೋಗುತ್ತದೆ. 28 ಪಟ್ಟಿನಲ್ಲಿ ಅದೇ ತಾರೆ ಏಳು ನಿಮಿಷ ನಿಲ್ಲುತ್ತದೆ.

ಹುಡುಗನು ಹದಿನೈದು ರಾತ್ರಿಯೂ ಹುಡುಕಿದ್ದುದು ಈ ಮೂವತ್ತು ಲಕ್ಷ ತುಂಡುಗಳ ಕಣಜದಲ್ಲಿ. ಕಾಣದಿದ್ದುದು ಅವನ ತಪ್ಪಲ್ಲ.

ಹಗಲಿನಲ್ಲಿ ಮಾಡಬೇಕಾದ ಕೆಲಸ

ಮೊದಲ ಉಪಾಯವೆಂದರೆ ಅತಿ ಕಡಮೆ ಪಟ್ಟಿನ, ಎಂದರೆ 25 ಮಿಲಿಮೀಟರಿನ ಕಣ್ಣುಮಸೂರವನ್ನೇ ಯಾವಾಗಲೂ ಮೊದಲು ಹಾಕುವುದು. ವಸ್ತು ಸಿಕ್ಕಿ, ನಡುವಿಗೆ ಬಂದ ಮೇಲೆ ಬೇಕಾದರೆ 10 ಮಿಲಿಮೀಟರಿನದನ್ನು ಹಾಕಿಕೊಳ್ಳಬಹುದು.

ಎರಡನೆಯದು ಶೋಧಕ ನಳಿಗೆಯನ್ನು ಸರಿಪಡಿಸುವುದು. ದೊಡ್ಡ ನಳಿಗೆಯ ಬೆನ್ನ ಮೇಲೆ ಫೈಂಡರು ಎಂಬ ಒಂದು ಪುಟ್ಟ ನಳಿಗೆ ಇರುತ್ತದೆ. ಅದು ಅಲಂಕಾರಕ್ಕೆಂದು ಹುಡುಗನು ಭಾವಿಸಿದ್ದನು. ಅದರಲ್ಲಿ ಆಕಾಶದ ವಿಶಾಲವಾದ ಭಾಗ ಕಾಣುತ್ತದೆ, ನಡುವೆ ಕತ್ತರಿಗೆರೆಗಳಿರುತ್ತವೆ. ಆದರೆ ಎರಡು ನಳಿಗೆಗಳೂ ಒಂದೇ ಕಡೆ ನೋಡುವಂತೆ ಮಾಡಿದ ಹೊರತು ಪ್ರಯೋಜನವಿಲ್ಲ. ಅದನ್ನು ಮಾಡಬೇಕಾದುದು ಹಗಲು ಹೊತ್ತಿನಲ್ಲಿ. ಒಂದು ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಕಡಮೆಯಾದ ಮೇಲೆ, ಮಾಳಿಗೆಯ ಮೇಲಿಂದ ಈಶಾನ್ಯಕ್ಕೆ ಕಾಣುವ ಮೌಲಾಲಿಯ ಬಂಡೆಗುಡ್ಡದ ಕಡೆಗೆ ದೊಡ್ಡ ನಳಿಗೆಯನ್ನು ತಿರುಗಿಸಿ, ತುದಿಯ ಒಂದು ಗುರುತನ್ನು ಅದರ ನಡುವಿಗೆ ತಂದೆವು. ಬಳಿಕ ಫೈಂಡರಿನ ತಿರುಪುಗಳನ್ನು ಸಡಿಲಿಸಿ ಬಿಗಿದು, ಅದೇ ಗುರುತು ಕತ್ತರಿಗೆರೆಯ ಮೇಲೆ ಕುಳಿತುಕೊಳ್ಳುವಂತೆ ಮಾಡಿದೆವು. ಇಡೀ ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ. ಫೈಂಡರಿನಲ್ಲಿ ಗುಡ್ಡವು ತಲೆಕೆಳಗಾಗಿ ಕಂಡುದನ್ನು ನೋಡಿ ಹುಡುಗನು ಗಾಬರಿಪಟ್ಟನು. ಅದು ಮಸೂರದ ಸ್ವಭಾವವೇ ಹೊರತು ಕೆಟ್ಟುಹೋಗಿರುವುದರ ಲಕ್ಷಣವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಹಗಲಿನಲ್ಲಿ ಈ ಕೆಲಸ ಮಾಡುವಾಗ ಸೂರ್ಯನ ದಿಕ್ಕಿಗೆ ನಳಿಗೆಯನ್ನು ಎಂದೆಂದಿಗೂ ತಿರುಗಿಸಬಾರದು. ದೂರದರ್ಶಕದ ಮೂಲಕ ಒಂದು ಕ್ಷಣ ಸೂರ್ಯನನ್ನು ಕಂಡರೂ ಕಣ್ಣು ಶಾಶ್ವತವಾಗಿ ಹೋದೀತು. ಫೈಂಡರಿಗೂ ಈ ಮಾತು ಅಷ್ಟೇ ಸತ್ಯ.

ಭಟ್ಟರ ಪ್ರಶ್ನೆ

ಯಂತ್ರ ಸರಿಯಾಯಿತು. ಆದರೆ ಎಲ್ಲಿಗೆ ತಿರುಗಿಸುವುದು? ಎಂಟು ಸಾವಿರ ತುಂಡುಗಳಲ್ಲಿ ಬೇಕಾದುದು ಯಾವುದೆಂದು ಯಂತ್ರವು ಹೇಳಲಾರದು. ಅದಕ್ಕೆ ಆಕಾಶದ ಪರಿಚಯ ಬೇಕು. ಆ ಪರಿಚಯದ ಅರ್ಧಪಾಲನ್ನು ನಮ್ಮ ಜನ ಊರಿನಿಂದಲೇ ಗಂಟುಕಟ್ಟಿಕೊಂಡು ಬಂದಿದ್ದಾರೆಂಬುದು ನಮ್ಮ ಅಭಿಪ್ರಾಯ.

ಅದೇ ಕೋಣೆಯಲ್ಲಿ ವಾಸಿಸುವ ಅಡಿಗೆಯ ಭಟ್ಟರು ಅರುವತ್ತು ದಾಟಿದವರು. ಬೇಸಾಯದ ಮನೆಯಲ್ಲಿ ಹುಟ್ಟಿದವರು. ಮಳೆಯ ನಕ್ಷತ್ರಗಳೆಲ್ಲವೂ ಅವರ ನಾಲಿಗೆಯ ತುದಿಯಲ್ಲಿವೆ: ರೋಹಿಣಿ, ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ನಮ್ಮ ತೆಲುಗು ನೆರೆಯವರೂ ಇವನ್ನೇ ಕಾರ್ತೆಗಳೆಂದು ಕರೆಯುತ್ತಾರೆ; ಮೃಗಶಿರ ಕಾರ್ತೆಯ ದಿನ ಹೈದರಾಬಾದಿನ ಮೀನಿನ ಮಾರುಕಟ್ಟೆಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಭಟ್ಟರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಪುಷ್ಯದ ಮಳೆ ಸುರಿಯುವಾಗ ಮೋಡ ಹರಿದ ರಾತ್ರಿಗಳಲ್ಲಿ ನಾನು ಎಷ್ಟೋ ಸಲ ಪುಷ್ಯ ನಕ್ಷತ್ರವನ್ನು ಹುಡುಕಿದ್ದುಂಟು. ಒಂದು ಸಲವೂ ಕಾಣಲಿಲ್ಲ. ಹೆಸರು ಮಾತ್ರ ಇದ್ದು ನಕ್ಷತ್ರವೇ ಇಲ್ಲವೋ ಏನೋ?"

ಪ್ರಶ್ನೆ ಬಹು ಸಮಂಜಸವಾದುದು. ಉತ್ತರವೂ ಸ್ವಾರಸ್ಯವಾಗಿದೆ. ಪುಷ್ಯದ ಮಳೆಯೆಂದರೆ ಸೂರ್ಯನು ಪುಷ್ಯ ನಕ್ಷತ್ರದ ಭಾಗದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳು. ಜುಲೈ 20ರ ಸುಮಾರಿಗೆ ಮೊದಲಾಗಿ ಆಗಸ್ಟ್ ಆರಂಭದವರೆಗೆ. ಸೂರ್ಯನು ಎಲ್ಲಿರುವನೋ ಆ ನಕ್ಷತ್ರವು ಅವನೊಡನೆಯೇ ಹುಟ್ಟಿ ಅವನೊಡನೆಯೇ ಮುಳುಗುತ್ತದೆ. ಆದುದರಿಂದ ಯಾವ ನಕ್ಷತ್ರದ ಮಳೆಯೋ, ಆ ಮಳೆಯ ಕಾಲದಲ್ಲಿ ಆ ನಕ್ಷತ್ರವೊಂದು ಮಾತ್ರ ಖಂಡಿತವಾಗಿ ಕಾಣದು! ಅದನ್ನು ಕಾಣಬೇಕಾದರೆ ಅರ್ಧ ವರ್ಷ ಕಾಯಬೇಕು. ಆರು ತಿಂಗಳು ಕಳೆದ ಮೇಲೆ ಸೂರ್ಯನು ಆಕಾಶದ ಎದುರು ಬದಿಗೆ ಹೋಗಿರುತ್ತಾನೆ. ಆಗ ಆ ನಕ್ಷತ್ರವು ಸಂಜೆಗೆ ಹುಟ್ಟಿ, ನಡುರಾತ್ರಿಗೆ ಮೇಲೇರಿ, ಬೆಳಗ್ಗೆ ಮುಳುಗುತ್ತದೆ. ಮೇ ಕೊನೆಯ ರೋಹಿಣಿ ಮಳೆಯ ರೋಹಿಣಿಯನ್ನು ಡಿಸೆಂಬರ್ ಆರಂಭದ ನಡುರಾತ್ರಿ ನೋಡಿರಿ. ಜುಲೈ ಕೊನೆಯ ಪುಷ್ಯವನ್ನು ಜನವರಿ ಕೊನೆಯಲ್ಲಿ ನೋಡಿರಿ. ಹಳ್ಳಿಯ ಮಳೆ ಲೆಕ್ಕಕ್ಕೆ ಆರು ತಿಂಗಳು ಕೂಡಿಸಿದರೆ ದೂರದರ್ಶಕದ ಪಂಚಾಂಗ ಸಿದ್ಧವಾದಂತೆಯೇ.

ಇದನ್ನು ಕೇಳಿದ ಭಟ್ಟರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಇದೆ ಎಂದಾಯಿತು. ಬಾ ಮಾಣಿ, ಮೇಲೆ ಹೋಗುವ" ಎಂದು ಹುಡುಗನನ್ನು ಕರೆದರು. ಅಂದು ಜನವರಿಯ ಕೊನೆಯ ವಾರ.

ಮುಷ್ಟಿಯೇ ಅಳತೆಗೋಲು

ಕೈಯನ್ನು ನೀಳವಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಕೂಡಿದರೆ 5 ಡಿಗ್ರಿ. ಕಿರುಬೆರಳೊಂದೇ 1 ಡಿಗ್ರಿ. ತಿಳಿದ ತಾರೆಯಿಂದ ಹೊರಟು, ಇಂತಿಷ್ಟು ಮುಷ್ಟಿ ಇಂಥ ದಿಕ್ಕಿಗೆ ಎಂದು ಅಳೆಯುತ್ತ ತಿಳಿಯದ ವಸ್ತುವನ್ನು ಮುಟ್ಟುವುದೇ ಆಕಾಶದಲ್ಲಿ ಹುಡುಕುವ ಕ್ರಮ. ಹೊಸ ಊರಿನಲ್ಲಿ ಮನೆ ಹುಡುಕುವವನು ರೈಲ್ವೆ ಸ್ಟೇಷನ್ನಿನಿಂದ ಹೊರಟು, ಬೀದಿ ತಿರುಗಿ ತಿರುಗಿ ಹೋಗುವಂತೆ.

ಮಲ್ಕಾಜ್‌ಗಿರಿಯ ಬೀದಿದೀಪಗಳ ಬೆಳಕಿನಲ್ಲಿಯೂ ಅಳಿಯದೆ ಉಳಿಯುವ ಸ್ಟೇಷನ್ನು ಮಹಾವ್ಯಾಧ. ನೇಗಿಲ ಗೆರೆಯಂತೆ ಸಾಲಾಗಿ ನಿಂತ ಮೂರು ತಾರೆಗಳು ಅವನ ನಡುಪಟ್ಟಿ. ಈ ಗೆರೆಯನ್ನು ವಾಯವ್ಯದ ಕಡೆಗೆ ಎರಡು ಮುಷ್ಟಿಗಿಂತ ತುಸು ಹೆಚ್ಚು ಎಳೆದರೆ ಕೆಂಬಣ್ಣದ ರೋಹಿಣಿ. ಅದೇ ದಾರಿಯಲ್ಲಿ ಇನ್ನೂ ಒಂದೂವರೆ ಮುಷ್ಟಿ ಮುಂದೆ ಕೃತ್ತಿಕೆಯ ಗೊಂಚಲು. ಬರಿಗಣ್ಣಿಗೆ ಆರು ತಾರೆಗಳು ಕಂಡರೆ ಹೆಚ್ಚು. ಹುಡುಗನು ಮೊದಲು ಫೈಂಡರಿನಲ್ಲಿಯೂ ಬಳಿಕ 28 ಪಟ್ಟಿನಲ್ಲಿಯೂ ನೋಡಿದನು. ನೋಡಿದವನು ಕಣ್ಣು ತೆಗೆಯಲೇ ಇಲ್ಲ. ನಾಲ್ವರು ಸಾಲಾಗಿ ಕಾಯುತ್ತಿದ್ದೆವೆಂದು ನೆನಪಿಸಬೇಕಾಯಿತು. ಆ ಗೊಂಚಲು ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ.

ಎರಡನೆಯದು ಮಹಾವ್ಯಾಧನ ಖಡ್ಗ. ನಡುಪಟ್ಟಿಯಿಂದ ದಕ್ಷಿಣಕ್ಕೆ ಮೂರು ಬೆರಳಿನಷ್ಟು ಇಳಿದರೆ ಮಂದವಾದ ತಾರೆಗಳ ಒಂದು ಚಿಕ್ಕ ಸಾಲು ಸಿಗುತ್ತದೆ. ಅದರ ನಡುವಿನದು ತಾರೆಯಲ್ಲ. ಅದೊಂದು ನೀಹಾರಿಕೆ, ಹೊಸ ತಾರೆಗಳು ರೂಪುಗೊಳ್ಳುತ್ತಿರುವ ಅನಿಲದ ಮೋಡ. ಪುಸ್ತಕಗಳಲ್ಲಿರುವ ಕೆಂಪು ನೀಲಿ ಬಣ್ಣಗಳನ್ನು ನಿರೀಕ್ಷಿಸಿದವರಿಗೆ ಆಶಾಭಂಗವಾಗುತ್ತದೆ. ಅವು ಬಹಳ ಹೊತ್ತು ಬೆಳಕನ್ನು ಕೂಡಿಟ್ಟುಕೊಂಡ ಛಾಯಾಚಿತ್ರಗಳು. ನಮ್ಮ ಕಣ್ಣಿಗೆ ಕಾಣುವುದು ಊದಿದ ಹೊಗೆಯಂಥ ಬೂದು ಮಸುಕು ಮಾತ್ರ. ಆದರೆ ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,300 ವರ್ಷಗಳಾದುವು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲ. ಅಂದು ಹೊರಟ ಬೆಳಕು ಅಂದಿನ ರಾತ್ರಿ ಹನ್ನೊಂದೂವರೆಗೆ ಒಬ್ಬ ಹೋಟೆಲು ಹುಡುಗನ ಕಣ್ಣಿನಲ್ಲಿ ಬಂದು ನಿಂತಿತು.

ಮೂರನೆಯದು ಭಟ್ಟರ ಪುಷ್ಯ. ಇದೇ ಕಷ್ಟದ್ದು, ಏಕೆಂದರೆ ಪುಷ್ಯದ ತಾರೆಗಳು ಬಹಳ ಮಂದ. ಊರಿನ ಬೆಳಕು ಅವನ್ನು ನುಂಗಿಬಿಡುತ್ತದೆ. ನೆತ್ತಿಯ ಬಳಿ ಜೋಡಿಯಾಗಿ ನಿಂತ ಪುನರ್ವಸುವಿನ ಎರಡು ತಾರೆಗಳಲ್ಲಿ ಹೆಚ್ಚು ಪ್ರಕಾಶವುಳ್ಳದರಿಂದ ಪೂರ್ವದ ಮಘಾ ತಾರೆಯವರೆಗೆ ಮನಸ್ಸಿನಲ್ಲಿಯೇ ಒಂದು ಗೆರೆಯನ್ನು ಎಳೆಯಬೇಕು. ಪುನರ್ವಸುವಿನಿಂದ ಒಂದೂವರೆ ಮುಷ್ಟಿ ನಡೆದು, ಗೆರೆಯಿಂದ ಒಂದಿಷ್ಟು ದಕ್ಷಿಣಕ್ಕೆ ಸರಿದು, ಫೈಂಡರಿನಲ್ಲಿ ಮೆಲ್ಲನೆ ಸುತ್ತಾಡಿಸಬೇಕು. ಹುಡುಗನು ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಕತ್ತು ನೋಯಿಸಿಕೊಂಡು, ಅರ್ಧ ಗಂಟೆ ಹುಡುಕಿದನು. ನಾವು ಕೈಹಾಕಲಿಲ್ಲ. ಕೊನೆಗೆ "ಸಿಕ್ಕಿತು" ಎಂದನು. ದೊಡ್ಡ ನಳಿಗೆಯ ತುಂಬ, ಕಪ್ಪು ಬಟ್ಟೆಯ ಮೇಲೆ ಅಕ್ಕಿ ಚೆಲ್ಲಿದಂತೆ, ತಾರೆಗಳ ರಾಶಿ. 1610ರಲ್ಲಿ ಗೆಲಿಲಿಯೋ ತನ್ನ ಪುಟ್ಟ ದೂರದರ್ಶಕವನ್ನು ಇದೇ ಕಡೆಗೆ ತಿರುಗಿಸಿ ಸುಮಾರು ನಲವತ್ತು ತಾರೆಗಳನ್ನು ಎಣಿಸಿದ್ದನು. ಅವನ ಯಂತ್ರ ಇಪ್ಪತ್ತು ಪಟ್ಟಿನದು. ಹುಡುಗನ ಯಂತ್ರ ಅದಕ್ಕಿಂತ ಮೇಲಾದುದು.

ಭಟ್ಟರು ಬಗ್ಗಿ ನೋಡಿ, "ಇಷ್ಟೆಲ್ಲ ಇಟ್ಟುಕೊಂಡಿತ್ತೋ!" ಎಂದರು. ಮತ್ತೇನೂ ಹೇಳಲಿಲ್ಲ.

ಹನ್ನೊಂದು ಗಂಟೆಯವರೂ ನಾಲ್ಕು ಗಂಟೆಯವರೂ

ತಾರೆಗಳು ದಿನಕ್ಕೆ ನಾಲ್ಕು ನಿಮಿಷದಂತೆ, ತಿಂಗಳಿಗೆ ಎರಡು ಗಂಟೆಯಂತೆ ಮುಂಚಿತವಾಗಿ ಹುಟ್ಟುತ್ತವೆ. ಇದರಿಂದ ನಮ್ಮ ಹೋಟೆಲು ಬಂಧುಗಳಿಗೆ ಒಂದು ಅನುಕೂಲವಿದೆ. ಡಿಸೆಂಬರ್ ಮೂರನೆಯ ವಾರ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವವನು ಕಾಣುವ ಆಕಾಶವನ್ನೇ ಅಕ್ಟೋಬರ್ ಮೊದಲ ವಾರ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವನು ಕಂಡಿರುತ್ತಾನೆ. ಎರಡು ಹೊತ್ತೂ ನೋಡುವವನಿಗೆ ಒಂದೇ ದಿನದಲ್ಲಿ ಎರಡು ಋತುಗಳ ಆಕಾಶ ಲಭ್ಯ.

ಅದೇ ಜನವರಿಯ ಬೆಳಗಿನ ಜಾವ ನಾಲ್ಕಕ್ಕೆ ಉತ್ತರದಲ್ಲಿ ಸಪ್ತರ್ಷಿಗಳು ಮೇಲೇರಿದ್ದರು. ಮದುವೆಯ ದಿನ ಪುರೋಹಿತರು ತೋರಿಸುವ ಅರುಂಧತಿಯನ್ನು, ಆಕಾಶದಲ್ಲಿ ಇದ್ದರೂ ಇಲ್ಲದಿದ್ದರೂ, ಕಂಡೆವೆಂದು ತಲೆಯಾಡಿಸದ ದಂಪತಿಗಳು ವಿರಳ. ಬಾಲದ ನಡುವಿನ ತಾರೆ ವಸಿಷ್ಠ. ಅದಕ್ಕೆ ತಾಗಿದಂತೆ ಮಿನುಗುವ ಚಿಕ್ಕ ತಾರೆ ಅರುಂಧತಿ. ದೂರದರ್ಶಕವನ್ನು ತಿರುಗಿಸಿ 70 ಪಟ್ಟು ಮಾಡಿ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ: ವಸಿಷ್ಠನೇ ಒಂದಲ್ಲ, ಎರಡು ತಾರೆಗಳು! ಇದು ಊರಿನ ಬೆಳಕಿಗೆ ಅಂಜದ ನೋಟ. ಹೊಸಬರು ತಪ್ಪದೆ ನೋಡತಕ್ಕದ್ದು.

ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಸಪ್ತಮಿ ಅಷ್ಟಮಿಗಳೇ ಮೇಲು. ಬೆಳಕು ಕತ್ತಲೆಗಳು ಕೂಡುವ ಅಂಚಿನಲ್ಲಿ ಬೆಟ್ಟಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಗುರುವಿನ ನಾಲ್ಕು ಚಂದ್ರರು 28 ಪಟ್ಟಿನಲ್ಲಿಯೇ ಕಾಣುತ್ತಾರೆ; ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುತ್ತಾರೆ. ಶನಿಯ ಉಂಗುರಕ್ಕೆ 70 ಪಟ್ಟು ಬೇಕು. ಗ್ರಹಗಳು ನಿಂತಲ್ಲಿ ನಿಲ್ಲುವವಲ್ಲವಾದುದರಿಂದ ಆಯಾ ತಿಂಗಳು ಯಾವ ರಾಶಿಯಲ್ಲಿವೆಯೆಂದು ಪಂಚಾಂಗವನ್ನು ನೋಡಿಕೊಳ್ಳಬೇಕು. ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗಕ್ಕೆ ಇದೂ ಒಂದು ಉಪಯೋಗ.

ಇದೇ ಊರಿನ ಹಿರಿಯ ಉದಾಹರಣೆ

ದೂರದರ್ಶಕ ಕೊಳ್ಳುವುದು ಹುಚ್ಚೆಂದು ನಗುವವರಿಗೆ ಹೈದರಾಬಾದಿನ ಚರಿತ್ರೆಯೇ ಉತ್ತರ ಕೊಡುತ್ತದೆ. ನವಾಬ ಜಫರ್ ಜಂಗ್ ಎಂಬವರು ತಮ್ಮ ಸ್ವಂತ ಆಸಕ್ತಿಯಿಂದ 15 ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿ 1901ರಲ್ಲಿ ಇಲ್ಲಿ ಒಂದು ವೀಕ್ಷಣಾಲಯವನ್ನು ಆರಂಭಿಸಿದರು. ನಿಜಾಮರ ಹೆಸರಿನಿಂದ ಅದು ನಿಜಾಮಿಯಾ ಎನಿಸಿತು. ನವಾಬರು ತೀರಿಕೊಂಡ ಮೇಲೆ 1908ರಲ್ಲಿ ಸಂಸ್ಥಾನದ ಸರಕಾರವು ಅದನ್ನು ವಹಿಸಿಕೊಂಡಿತು. ವೀಕ್ಷಣಾಲಯ ಬೇಗಂಪೇಟೆಗೆ ಸ್ಥಳಾಂತರವಾಯಿತು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೂ ಈ ಹೈದರಾಬಾದಿಗೆ ಸೇರಿದ್ದುವೆಂಬುದನ್ನು ನೆನೆದರೆ, ಅದು ನಮ್ಮ ಕನ್ನಡ ಜಿಲ್ಲೆಗಳ ರಾಜಧಾನಿಯ ವೀಕ್ಷಣಾಲಯವೂ ಆಗಿದ್ದಿತೆಂದು ಹೇಳಿಕೊಳ್ಳಬಹುದು.

ಅಲ್ಲಿ ನಡೆದ ಮುಖ್ಯ ಕಾರ್ಯ ಯಾವುದೆಂದು ನಮ್ಮ ಗುಮಾಸ್ತ ಮಿತ್ರರು ಗಮನವಿಟ್ಟು ಕೇಳಬೇಕು. ಜಗತ್ತಿನ ಹಲವು ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಪ್ರತಿಯೊಂದು ತಾರೆಯ ಸ್ಥಾನವನ್ನೂ ಬರೆದಿಡಲು ಹೊರಟಿದ್ದುವು. ಆಕಾಶದ ವಿಷುವವೃತ್ತದಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿಯವರೆಗಿನ ಪಟ್ಟಿ ಹೈದರಾಬಾದಿನ ಪಾಲಿಗೆ ಬಂದಿತು. ನಮ್ಮ ಅನುರಾಧಾ ತಾರೆ ಇರುವುದು ಈ ಪಟ್ಟಿಯಲ್ಲಿಯೇ. ಬಳಿಕ ಉತ್ತರದ ಇನ್ನೊಂದು ಪಟ್ಟಿಯನ್ನೂ ವಹಿಸಿಕೊಂಡರು. ಗಾಜಿನ ಫಲಕಗಳ ಮೇಲೆ ತೆಗೆದ ಚಿತ್ರಗಳಲ್ಲಿ ಒಂದೊಂದು ಚುಕ್ಕೆಯನ್ನೂ ಅಳೆದು, ಲೆಕ್ಕ ಹಾಕಿ, ಅಂಕಿಗಳನ್ನು ಸಾಲುಸಾಲಾಗಿ ಬರೆದು, ಏಳು ಲಕ್ಷಕ್ಕೂ ಹೆಚ್ಚು ತಾರೆಗಳ ಪಟ್ಟಿಯನ್ನು ದಶಕಗಳ ಪರಿಶ್ರಮದಿಂದ ಸಿದ್ಧಗೊಳಿಸಿದರು. ಹೊಸದೇನನ್ನೂ ಕಂಡುಹಿಡಿದ ಕೀರ್ತಿ ಇದರಲ್ಲಿಲ್ಲ. ಯಾವುದು ಎಲ್ಲಿದೆಯೆಂದು ಸರಿಯಾಗಿ ಬರೆದಿಡುವ, ಲೆಕ್ಕದ ಪುಸ್ತಕವನ್ನು ಹೋಲುವ ಕೆಲಸ ಅದು. ಆದರೆ ಯಾವುದು ಎಲ್ಲಿದೆಯೆಂದು ತಿಳಿಯದವನಿಗೆ ಎಷ್ಟು ದೊಡ್ಡ ಯಂತ್ರವಿದ್ದರೂ ಕತ್ತಲೆಯೇ ಎಂಬುದನ್ನು ನಾವು ಮಲ್ಕಾಜ್‌ಗಿರಿಯ ಮಾಳಿಗೆಯ ಮೇಲೆ ಆಗಲೇ ಕಂಡಿದ್ದೆವಲ್ಲವೇ?

ಈ ವೀಕ್ಷಣಾಲಯದ ನೌಕರರೊಬ್ಬರು ಕೇರಳ ಮೂಲದವರು. ನಮ್ಮಂತೆಯೇ ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ಕುಟುಂಬ. ಅವರ ಮಗ ವೈನು ಬಾಪು. 1927ರಲ್ಲಿ ಹುಟ್ಟಿದ ಆ ಬಾಲಕನು ಇಲ್ಲಿಯೇ ಆಕಾಶ ನೋಡುವುದನ್ನು ಕಲಿತು, ನಿಜಾಂ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದನು. ಅದಕ್ಕೆ ಅವನ ಹೆಸರೂ ಸೇರಿತು. 1971ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ, ಕಾವಲೂರಿನ ವೀಕ್ಷಣಾಲಯವನ್ನು ಸ್ಥಾಪಿಸಿದವರೂ ಅವರೇ. 1982ರಲ್ಲಿ ಅವರು ನಿಧನ ಹೊಂದಿದರು.

ಹೈದರಾಬಾದು ಬೆಳೆದು ದೀಪಗಳು ಹೆಚ್ಚಿದುದರಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದವರು ಊರಿನಿಂದ ದೂರ, ಜಪಾಲ್ ಮತ್ತು ರಂಗಾಪುರ ಹಳ್ಳಿಗಳ ಬಳಿ, 48 ಅಂಗುಲದ ದೂರದರ್ಶಕವನ್ನು 1968ರಲ್ಲಿ ಸ್ಥಾಪಿಸಿದರು. ದೀಪದ ಕಾಟಕ್ಕೆ ಸಿಕ್ಕಿ ಊರು ಬಿಡಬೇಕಾದುದು ದೊಡ್ಡ ಯಂತ್ರಗಳಿಗೂ ತಪ್ಪಲಿಲ್ಲವೆಂದ ಮೇಲೆ ಮಲ್ಕಾಜ್‌ಗಿರಿಯ ಪುಟ್ಟ ಯಂತ್ರದ ಪಾಡೇನು? ದೇವಯಾನಿಯಲ್ಲಿರುವ, 25 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರಲೋಕವನ್ನು ನಾವು ಅಲ್ಲಿಂದ ಮೂರು ಸಲ ಹುಡುಕಿ ಸೋತೆವು. ಅದನ್ನು ಊರಿಗೆ ಹೋದಾಗ ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು.

ಊರಿನ ಆಕಾಶ

ಕೊನೆಯದಾಗಿ ಆ ರಾತ್ರಿಯ ಒಂದು ಮಾತು. ಪುಷ್ಯವನ್ನು ಕಂಡ ಮೇಲೆ ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, ತಂದೆಗೆ ಫೋನು ಮಾಡಿದನು. ಮಲಗಿದ್ದವರು ಗಾಬರಿಯಿಂದ ಎದ್ದರು. ಹಣದ ಸಂಗತಿಯನ್ನು ಅವನು ಅಂದೇ ಹೇಳಿದನು. ಆ ಕಡೆಯಿಂದ ಬಂದ ಬೈಗುಳವನ್ನು ನಾವು ಕೇಳಿಸಿಕೊಳ್ಳದವರಂತೆ ಕುಳಿತಿದ್ದೆವು. ಅನಂತರ ಅವನು, "ಅಪ್ಪಯ್ಯ, ಅಂಗಳಕ್ಕೆ ಹೋಗಿ ನೆತ್ತಿಯ ಮೇಲೆ ನೋಡಿ. ಪುಷ್ಯ ಬಂದಿದೆ" ಎಂದನು.

ಕುಂದಾಪುರವು ಮಲ್ಕಾಜ್‌ಗಿರಿಗಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ನೆತ್ತಿಗೆ ಬಂದ ತಾರೆ ಅಲ್ಲಿ ನೆತ್ತಿಯ ಸಮೀಪಕ್ಕೆ ಬರಲು ಹದಿನೈದು ನಿಮಿಷ ಹಿಡಿಯುತ್ತದೆ. ದಕ್ಷಿಣಕ್ಕಿರುವುದರಿಂದ ಧ್ರುವತಾರೆ ಇಲ್ಲಿಗಿಂತ ಅಲ್ಲಿ ನಾಲ್ಕು ಡಿಗ್ರಿ ಕೆಳಗಿರುತ್ತದೆ. ಚಾಚಿದ ಕೈಯ ಮೂರು ಬೆರಳಿನಷ್ಟೂ ಅಲ್ಲ. ನಮಗೂ ನಮ್ಮ ಊರಿಗೂ ಆಕಾಶದಲ್ಲಿರುವ ಅಂತರ ಇಷ್ಟೇ.

ತುಸು ಹೊತ್ತಿನಲ್ಲಿ ತಂದೆಯ ಉತ್ತರ ಬಂದಿತು. "ಮೋಡದ ಚೂರಿನಂತೆ ಬಿಳಿ ಮಚ್ಚೆ ಉಂಟಲ್ಲ, ಅದಾ? ಅದು ಯಾವಾಗಲೂ ಇತ್ತು" ಎಂದರಂತೆ. ನಿಜವೇ. ದೀಪಗಳಿಲ್ಲದ ಹಳ್ಳಿಯ ಆಕಾಶದಲ್ಲಿ ಪುಷ್ಯದ ತಾರಾಗುಚ್ಛ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಮಗನು ಎರಡು ತಿಂಗಳ ಉಳಿತಾಯ ಕೊಟ್ಟು ಊರಿನ ಬೆಳಕಿನಲ್ಲಿ ಹುಡುಕಿದುದನ್ನು ತಂದೆ ಅಂಗಳದಲ್ಲಿ ನಿಂತೇ ಕಂಡರು. ಆ ಮಚ್ಚೆ ತಾರೆಗಳ ರಾಶಿಯೆಂಬುದನ್ನು ಮಾತ್ರ ಮಗನೇ ಅವರಿಗೆ ಹೇಳಬೇಕಾಯಿತು.

ದೂರದರ್ಶಕ ಮಾರಾಟಕ್ಕಿಲ್ಲವೆಂದು ಹುಡುಗನು ಈಗ ಹೇಳುತ್ತಾನೆ. ಎರಡು ತಿಂಗಳ ಹಣವನ್ನು ಕಂತಿನಲ್ಲಿ ತುಂಬಿಕೊಡುವುದಾಗಿ ತಂದೆಗೆ ಮಾತು ಕೊಟ್ಟಿದ್ದಾನೆ. ಮುಂದಿನ ರಜೆಗೆ ಊರಿಗೆ ಹೋಗುವಾಗ ಆ ಉದ್ದನೆಯ ಪೆಟ್ಟಿಗೆಯೂ ಅವನೊಡನೆ ರೈಲು ಹತ್ತಲಿದೆ.